ಕೊಂಡವರ ಸಾಲ, ಕ್ಲಬ್ಬಿನ ತಲೆಗೆ

2005. ಅಮೆರಿಕದ ಗ್ಲೇಜರ್ ಕುಟುಂಬ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬನ್ನು ಸುಮಾರು 79 ಕೋಟಿ ಪೌಂಡ್‌ಗೆ ಕೊಂಡಿತು. ದುಡ್ಡು ಎಲ್ಲಿಂದ ಬಂತು? ಅರ್ಧಕ್ಕಿಂತ ಹೆಚ್ಚು ಸಾಲ! ಅದರಲ್ಲಿ ದೊಡ್ಡ ಪಾಲಿಗೆ ಅಡವಿಟ್ಟಿದ್ದು ಕ್ಲಬ್ಬಿನದೇ ಆಸ್ತಿ. ಅಲ್ಲಿಯವರೆಗೆ ಸಾಲದ ಹೊರೆಯಿಲ್ಲದೆ ನಡೆಯುತ್ತಿದ್ದ ಕ್ಲಬ್ಬು, ತನ್ನನ್ನು ಕೊಂಡವರು ಮಾಡಿದ ಸಾಲಕ್ಕೆ ತಾನೇ ಬಡ್ಡಿ ಕಟ್ಟತೊಡಗಿತು. ಟಿಕೆಟ್ಟಿಗೆ, ಜರ್ಸಿಗೆ ಅಭಿಮಾನಿ ಕೊಟ್ಟ ದುಡ್ಡಲ್ಲಿ ಒಂದು ಭಾಗ ಆಟಕ್ಕೆ ಹೋಗದೆ ಸಾಲ ಕೊಟ್ಟವರ ಪಾಲಾಯಿತು. ಕಾನೂನು ಇದಕ್ಕೆ ಅಡ್ಡ ಬರಲಿಲ್ಲ. ಆದರೆ ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಸಿಟ್ಟಿಗೆದ್ದ ಒಂದಷ್ಟು ಅಭಿಮಾನಿಗಳು ಅದೇ ವರ್ಷ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅನ್ನೋ ಸ್ವಂತ ಕ್ಲಬ್ಬನ್ನೇ ಕಟ್ಟಿದರು. ಅಲ್ಲಿ ಪ್ರತಿ ಸದಸ್ಯನಿಗೂ ಒಂದೇ ಮತ.

2010ರಲ್ಲಿ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನ ಗ್ಯಾಲರಿಗಳಲ್ಲಿ, ಮಾಲೀಕರ ವಿರುದ್ಧ ಪ್ರತಿಭಟನೆಯಾಗಿ, ಹಸಿರು-ಹೊಂಬಣ್ಣದ ಸ್ಕಾರ್ಫ್‌ಗಳು ತುಂಬಿದವು. ಕ್ಲಬ್ಬಿಗೆ ನ್ಯೂಟನ್ ಹೀತ್ ಅನ್ನೋ ಹೆಸರಿದ್ದ ಕಾಲದ ಬಣ್ಣ ಅದು. ಆ ಮಾರ್ಚ್‌ನಲ್ಲಿ ಇಟಲಿಯ ಎಸಿ ಮಿಲಾನ್ ಪರ ಆಡಲು ಬಂದಿದ್ದ ಯುನೈಟೆಡ್‌ನ ಹಳೆಯ ಆಟಗಾರ ಡೇವಿಡ್ ಬೆಕಮ್, ಮೈದಾನ ಬಿಡುವಾಗ ಅಂಥದ್ದೇ ಒಂದು ಸ್ಕಾರ್ಫ್ ಎತ್ತಿ ಕೊರಳಿಗೆ ಹಾಕಿಕೊಂಡರು.

ಮಾಲೀಕರು ಕದಲಲಿಲ್ಲ. 2024ರಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರ‍್ಯಾಟ್‌ಕ್ಲಿಫ್ ಕಾಲು ಭಾಗಕ್ಕಿಂತ ತುಸು ಹೆಚ್ಚು ಪಾಲು ಕೊಂಡು ಫುಟ್‌ಬಾಲ್ ಉಸ್ತುವಾರಿ ವಹಿಸಿಕೊಂಡ ಮೇಲೂ, ಬಹುಪಾಲು ಮತಾಧಿಕಾರ ಗ್ಲೇಜರ್ ಕುಟುಂಬದ ಕೈಯಲ್ಲೇ ಉಳಿಯಿತು.