ದಂತವೈದ್ಯ ವಿದ್ಯಾರ್ಥಿಗಳ ಭಾಷಾಕಲಿಕೆಯಲ್ಲಿ ಪರಿಕಲ್ಪನಾ ನಕ್ಷೆ

ಪರಿಕಲ್ಪನಾ ನಕ್ಷೆ ಎಂದರೆ ಒಂದು ವಿಷಯದ ಮುಖ್ಯ ಪರಿಕಲ್ಪನೆಗಳನ್ನು ಚೌಕಗಳಲ್ಲಿ ಬರೆದು, ಅವುಗಳ ಪರಸ್ಪರ ಸಂಬಂಧವನ್ನು ಗೆರೆಗಳಿಂದಲೂ ಗೆರೆಯ ಮೇಲೆ ಬರೆದ ಜೋಡಣಾಪದಗಳಿಂದಲೂ ತೋರಿಸುವ ಕಲಿಕಾಸಾಧನ. ದಂತವೈದ್ಯಕೀಯ ಶಿಕ್ಷಣದಲ್ಲಿ ಇದನ್ನು ಪಾಠದ ಸಾರಸಂಗ್ರಹಕ್ಕಷ್ಟೇ ಅಲ್ಲದೆ ವಿದ್ಯಾರ್ಥಿಗಳ ಭಾಷಾಕೌಶಲವನ್ನು ಬೆಳೆಸಲೂ ಬಳಸಬಹುದು.

ಹಿನ್ನೆಲೆ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ಸಂಗಡಿಗರು ಮಕ್ಕಳ ವಿಜ್ಞಾನಜ್ಞಾನವು ಬದಲಾಗುವ ಬಗೆಯನ್ನು ಅಭ್ಯಸಿಸುತ್ತ 1972ರಲ್ಲಿ ಈ ವಿಧಾನವನ್ನು ರೂಪಿಸಿದರು. ಹೊಸ ಅರಿವು ಹಳೆಯ ಅರಿವಿನೊಡನೆ ಬೆಸೆದುಕೊಂಡಾಗ ಕಲಿಕೆ ಅರ್ಥಪೂರ್ಣವಾಗುತ್ತದೆ ಎಂಬ ಡೇವಿಡ್ ಆಸುಬೆಲ್ ಅವರ ಸಿದ್ಧಾಂತವೇ ಇದರ ತಳಹದಿ.

ನಕ್ಷೆಯಿಂದ ವಾಕ್ಯಕ್ಕೆ

ಚೌಕದೊಳಗಿನ ಪದಗಳನ್ನು ಪಠ್ಯಪುಸ್ತಕದಿಂದ ಎತ್ತಿಕೊಳ್ಳಬಹುದು. ಜೋಡಣಾಪದವನ್ನು ಮಾತ್ರ ವಿದ್ಯಾರ್ಥಿಯೇ ಹುಡುಕಬೇಕು. ದಂತಕ್ಷಯದ ನಕ್ಷೆಯನ್ನು ನೋಡಬಹುದು. ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ‘ಹುದುಗಿಸುತ್ತವೆ’. ಅದರಿಂದ ಆಮ್ಲ ‘ಉಂಟಾಗುತ್ತದೆ’. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲಿನ ಖನಿಜಾಂಶ ‘ಕರಗುತ್ತದೆ’. ಫ್ಲೋರೈಡ್ ಅದರ ಮರುಜೋಡಣೆಗೆ ‘ನೆರವಾಗುತ್ತದೆ’. ಹೀಗೆ ಪ್ರತಿಯೊಂದು ಗೆರೆಯನ್ನೂ ಗಟ್ಟಿಯಾಗಿ ಓದಿದರೆ ಒಂದು ಪೂರ್ಣ ವಾಕ್ಯವಾಗುತ್ತದೆ. ಎಲ್ಲ ಗೆರೆಗಳ ಮೇಲೂ ‘ಸಂಬಂಧಿಸಿದೆ’ ಎಂದೇ ಬರೆಯುವ ಸೋಮಾರಿತನವನ್ನು ಅಧ್ಯಾಪಕರು ಮೊದಲೇ ತಡೆಯುವುದು ಲೇಸು.

ರೋಗಿಯ ಮಾತು

ಕರ್ನಾಟಕದಲ್ಲಿ ದಂತವೈದ್ಯಕೀಯ ಪಾಠಗಳು ಇಂಗ್ಲಿಷಿನಲ್ಲಿ ನಡೆಯುತ್ತವೆ; ಚಿಕಿತ್ಸೆಗೆ ಬರುವವರಲ್ಲಿ ಅನೇಕರ ಮಾತು ಕನ್ನಡ. ದಂತಕ್ಷಯವು ಜನರ ಬಾಯಲ್ಲಿ ‘ಹುಳುಕು ಹಲ್ಲು’. ಹಲ್ಲಿನಲ್ಲಿ ನಿಜವಾಗಿಯೇ ಹುಳುವಿದೆ ಎಂದು ನಂಬುವವರೂ ಉಂಟು. ‘ಹುಳುಕು’ ಎಂಬುದಕ್ಕೂ ನಕ್ಷೆಯಲ್ಲೊಂದು ಚೌಕವಿದ್ದು, ಅದು ಬ್ಯಾಕ್ಟೀರಿಯಾ ಮತ್ತು ಆಮ್ಲಗಳ ಚೌಕಗಳಿಗೆ ಜೋಡಣೆಯಾಗಿದ್ದರೆ, ರೋಗಿಯನ್ನು ಹೀಗಳೆಯದೆ ತಿಳಿಹೇಳುವ ದಾರಿ ವಿದ್ಯಾರ್ಥಿಗೆ ದೊರೆಯುತ್ತದೆ.

ನೋವಿನ ಪದಗಳಲ್ಲಿ ಈ ಎಚ್ಚರ ಇನ್ನೂ ಅಗತ್ಯ. ‘ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಆಮೇಲೆ ಏನೂ ಇಲ್ಲ’ ಎಂಬ ಮಾತು, ಹಲ್ಲಿನ ತಿರುಳು ಇನ್ನೂ ಚೇತರಿಸಿಕೊಳ್ಳಬಲ್ಲ ಹಂತದಲ್ಲಿರಬಹುದೆಂದು ಸೂಚಿಸುತ್ತದೆ. ‘ರಾತ್ರಿ ಮಲಗಿದರೆ ತಾನಾಗಿಯೇ ಮಿಡಿಯುತ್ತದೆ’ ಎಂಬುದು ತಿರುಳಿನ ಉರಿಯೂತ ಆ ಹಂತವನ್ನು ದಾಟಿರುವ ಸೂಚನೆಯಾಗಿರಬಹುದು. ಆಗ ಬೇರುನಾಳದ ಚಿಕಿತ್ಸೆಯೋ ಹಲ್ಲು ಕೀಳುವುದೋ ಬೇಕಾಗುತ್ತದೆ. ನಿರ್ಧಾರಕ್ಕೆ ಪರೀಕ್ಷೆಗಳು ಬೇಕೇಬೇಕು. ಆದರೆ ಎರಡನ್ನೂ ‘ನೋವು’ ಎಂದಷ್ಟೇ ಬರೆದುಕೊಳ್ಳುವ ವಿದ್ಯಾರ್ಥಿ, ರೋಗಿ ತಾನಾಗಿ ಕೊಟ್ಟ ಸುಳಿವನ್ನೇ ಕೈಬಿಟ್ಟಂತಾಗುತ್ತದೆ. ‘ನೋವು’ ಎಂಬ ಚೌಕದಿಂದ ‘ಜುಮ್ಮೆನ್ನುವ’, ‘ಮಿಡಿಯುವ’, ‘ಕಚ್ಚಿದಾಗ ಚುಚ್ಚುವ’ ಎಂಬ ಕವಲುಗಳನ್ನು ಎಳೆದು, ಪ್ರತಿ ಕವಲಿನ ತುದಿಯಲ್ಲಿ ರೋಗಿಗೆ ಕೇಳಬೇಕಾದ ಮುಂದಿನ ಪ್ರಶ್ನೆಯನ್ನು ಬರೆಯುವುದು ಉತ್ತಮ ಅಭ್ಯಾಸ.

ಮಿತಿಗಳು

ನಕ್ಷೆ ರಚನೆಗೆ ಸಮಯ ಹಿಡಿಯುತ್ತದೆ. ಉಚ್ಚಾರಣೆಯನ್ನಾಗಲಿ ಆಲಿಸುವ ತಾಳ್ಮೆಯನ್ನಾಗಲಿ ಅದು ಕಲಿಸದು. ಅಧ್ಯಾಪಕರು ಸಿದ್ಧನಕ್ಷೆಯನ್ನೇ ಹಂಚಿದರೆ ಅದೂ ಬಾಯಿಪಾಠದ ಸರಕಾಗುತ್ತದೆ. ಇಬ್ಬರು ವಿದ್ಯಾರ್ಥಿಗಳು ಒಂದೇ ಹಾಳೆಯ ಮುಂದೆ ಕುಳಿತು, ಯಾವ ಜೋಡಣಾಪದ ಸರಿಯೆಂದು ವಾದಿಸುತ್ತ ಬರೆದ ನಕ್ಷೆಯಲ್ಲಿ ಮಾತಿನ ಅಭ್ಯಾಸವೂ ಸೇರಿರುತ್ತದೆ.