ಹೊಲದ ಚಿತ್ರ ಕೆಡದೆ ತಜ್ಞರ ಕೈ ಸೇರಬೇಕಾದರೆ

ರಾಯದುರ್ಗ, ಮಡಕಶಿರಾ ಸೀಮೆಯ ನಮ್ಮ ರೈತಬಾಂಧವರಲ್ಲಿ ಅನೇಕರು ಈಗ ಬೆಳೆಗೆ ರೋಗ ತಗಲಿದೊಡನೆ ಮೊಬೈಲಿನಲ್ಲಿ ಚಿತ್ರ ತೆಗೆದು, ದೂರದಲ್ಲಿರುವ ತಿಳಿದವರಿಗೆ ಕಳಿಸುತ್ತಾರೆ. ಇದು ಒಳ್ಳೆಯ ಪದ್ಧತಿ. ಹಿಂದೆ ರೋಗದ ಗಿಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಬೇಕಾಗಿತ್ತು. ಊರು ಮುಟ್ಟುವಷ್ಟರಲ್ಲಿ ಎಲೆ ಬಾಡಿರುತ್ತಿತ್ತು. ಆದರೆ ಚಿತ್ರವೂ ದಾರಿಯಲ್ಲಿ ಬಾಡುತ್ತದೆಂಬ ಸಂಗತಿ ಹಲವರಿಗೆ ತಿಳಿಯದು. “ಚಿತ್ರ ಮಸುಕಾಗಿದೆ, ಬೇರೆ ಕಳಿಸಿ” ಎಂಬ ಉತ್ತರ ಬರುವಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ. ಆದಕಾರಣ ದೊಡ್ಡ ಫೈಲನ್ನು ಕೆಡದಂತೆ ಕಳಿಸುವ ಬಗೆಯನ್ನು ಈ ವಾರ ತಿಳಿಸಬಯಸುತ್ತೇವೆ.

ಸ್ಪಷ್ಟ ಚಿತ್ರ ಏಕೆ ಬೇಕು?

2000ನೆಯ ಇಸವಿಯಲ್ಲಿ ಅನಂತಪುರ ಜಿಲ್ಲೆಯ ಕಡಲೆಕಾಯಿಗೆ ಬಂದ ಪಿಡುಗನ್ನು ಹಿರಿಯರು ಮರೆತಿರಲಾರರು. ಮಡಕಶಿರಾ ಆಗ ಅದೇ ಜಿಲ್ಲೆಯಲ್ಲಿತ್ತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಸುಮಾರು 2,25,000 ಹೆಕ್ಟೇರಿನಲ್ಲಿ ಬೆಳೆ ಹಾಳಾಗಿ, ನಷ್ಟವು 300 ಕೋಟಿ ರೂಪಾಯಿಗಳನ್ನು ಮೀರಿತು. ಎಳೆಯ ಎಲೆಗಳ ಮೇಲೆ ಕಂದು ಮಚ್ಚೆ ಬಿದ್ದು, ಕುಡಿ ಒಣಗಿ, ಕಾಂಡವೇ ಸಾಯುತ್ತಿತ್ತು. ಇದು ಬೂಷ್ಟಿನ ರೋಗವಲ್ಲ, ವೈರಸ್ ರೋಗವೆಂದು ವಿಜ್ಞಾನಿಗಳು ಕಂಡುಹಿಡಿದರು. ಪಾರ್ಥೇನಿಯಂ ಕಳೆಯ ಹೂವಿನ ಪರಾಗದಲ್ಲಿ ವೈರಸ್ ಇರುತ್ತದೆ. ಥ್ರಿಪ್ಸ್ ನುಸಿಗಳು ಅದನ್ನು ಗಿಡಕ್ಕೆ ಅಂಟಿಸುತ್ತವೆ.

ಎಲೆಚುಕ್ಕೆ ರೋಗವಾದರೆ ಬೂಷ್ಟುನಾಶಕದ ಸಿಂಪಡಣೆ ಫಲ ಕೊಡುತ್ತದೆ. ವೈರಸ್ ರೋಗಕ್ಕೆ ಅದೇ ಔಷಧ ಹೊಡೆದರೆ ಹಣ ಮಣ್ಣುಪಾಲು. ಅದಕ್ಕೆ ಪಾರ್ಥೇನಿಯಂ ಕಿತ್ತು, ಹೊಲದ ಸುತ್ತ ಜೋಳ ಇಲ್ಲವೆ ಸಜ್ಜೆಯ ಸಾಲುಗಳನ್ನು ಮುಂಚಿತವಾಗಿಯೇ ಬೆಳೆಸುವುದು ದಾರಿ. ಎಲೆಚುಕ್ಕೆಯಲ್ಲೂ ಎರಡು ಬಗೆ: ಮುಂಚೆ ಬರುವ ಚುಕ್ಕೆಗೆ ಹಳದಿ ಉಂಗುರವಿರುತ್ತದೆ, ತಡವಾಗಿ ಬರುವುದು ಎಲೆಯ ಅಡಿಯಲ್ಲಿ ಕಪ್ಪಾಗಿ ಕಾಣುತ್ತದೆ. ಇಂಥ ಸಣ್ಣ ಗುರುತುಗಳೇ ಮಸುಕು ಚಿತ್ರದಲ್ಲಿ ಅಳಿಸಿಹೋಗುತ್ತವೆ.

ಚಿತ್ರ ಕೆಡುವುದು ಎಲ್ಲಿ?

ಮೊಬೈಲು ತೆಗೆದ ಒಂದು ಚಿತ್ರ ಮೂರು ನಾಲ್ಕು ಎಂಬಿ ತೂಗುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದರೆ ಅದು ಬೇಗ ಹೋಗಲೆಂದು ಚಿತ್ರವನ್ನು ಕುಗ್ಗಿಸಿ, ಕೆಲವು ನೂರು ಕೆಬಿಗೆ ಇಳಿಸುತ್ತದೆ. ಮದುವೆಯ ಚಿತ್ರಕ್ಕೆ ಇದರಿಂದ ಬಾಧಕವಿಲ್ಲ; ರೋಗದ ಎಲೆಗೆ ಬಾಧಕವುಂಟು.

ಉಪಾಯ ಸುಲಭ. ಪಿನ್ನಿನ ಗುರುತು ಒತ್ತಿದಾಗ ‘ಗ್ಯಾಲರಿ’ ಬಿಟ್ಟು ‘ಡಾಕ್ಯುಮೆಂಟ್’ ಎಂಬುದನ್ನು ಆರಿಸಿ ಅದೇ ಚಿತ್ರವನ್ನು ಕಳಿಸಿರಿ. ಆಗ ಚಿತ್ರವು ಕುಗ್ಗದೆ ಇದ್ದ ಹಾಗೆಯೇ ಹೋಗುತ್ತದೆ. ಈ ರೀತಿ 2 ಜಿಬಿಯವರೆಗಿನ ಫೈಲನ್ನು ಕಳಿಸಬಹುದು. ಇಡೀ ಗಿಡದ್ದೊಂದು, ಎಲೆಯ ಮೇಲ್ಭಾಗದ್ದೊಂದು, ಅಡಿಭಾಗದ್ದೊಂದು, ಹೀಗೆ ಮೂರು ಚಿತ್ರ ಸಾಕು. ಬಿತ್ತಿದ ದಿನ, ತಳಿ, ಹೊಡೆದ ಔಷಧ ಇವನ್ನೂ ಬರೆದು ತಿಳಿಸಿರಿ.

ವಿಡಿಯೊ ಮತ್ತು ಮಿಂಚಂಚೆ

ವಿಡಿಯೊ ಬಲು ಭಾರ. ಒಂದು ನಿಮಿಷದ್ದೇ ಸುಮಾರು 100 ಎಂಬಿ ಆಗಬಹುದು. ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಿಗ್ನಲಿನಲ್ಲಿ ಇದು ಹೋಗಲು ಏಳು ನಿಮಿಷ ಹಿಡಿಯುತ್ತದೆ. ಆದ್ದರಿಂದ ಬೇಕಾದ ಹದಿನೈದು ಸೆಕೆಂಡನ್ನಷ್ಟೇ ಕತ್ತರಿಸಿ ಕಳಿಸುವುದು ಲೇಸು.

ಜಿಮೇಲಿನಲ್ಲಿ ಒಂದು ಪತ್ರಕ್ಕೆ 25 ಎಂಬಿಯೇ ಮಿತಿ. ಅದಕ್ಕಿಂತ ದೊಡ್ಡದನ್ನು ಗೂಗಲ್ ಡ್ರೈವಿನಲ್ಲಿಟ್ಟು ಅದರ ಲಿಂಕನ್ನು ಕಳಿಸಬಹುದು. ಅಲ್ಲಿ 15 ಜಿಬಿ ಸ್ಥಳ ಉಚಿತ; ಮಿಂಚಂಚೆಗೂ ಚಿತ್ರಗಳಿಗೂ ಅದೇ ಸ್ಥಳ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಐದು ನಿಮಿಷದಲ್ಲಿ ಮಾಡಿಕೊಟ್ಟಾರು.

ಒಂದು ಎಚ್ಚರಿಕೆ. ಪಟ್ಟಾದಾರ್ ಪಾಸ್ ಪುಸ್ತಕ, ಅಡಂಗಲ್ ಮುಂತಾದ ಜಮೀನಿನ ಕಾಗದಗಳನ್ನು ಬೆಂಗಳೂರಿನಲ್ಲಿರುವ ಅಣ್ಣತಮ್ಮಂದಿರಿಗೋ ವಕೀಲರಿಗೋ ಕಳಿಸುವಾಗ, ಲಿಂಕು ಇದ್ದವರೆಲ್ಲ ನೋಡುವಂತೆ ಇಡಬೇಡಿರಿ. ಅವರ ಮಿಂಚಂಚೆ ವಿಳಾಸಕ್ಕೆ ಮಾತ್ರ ಅನುಮತಿ ಕೊಡಿರಿ. ಕೆಲಸ ಮುಗಿದ ಮೇಲೆ ಅದನ್ನೂ ತೆಗೆದುಬಿಡಿರಿ. ಮೊಬೈಲಿಗೆ ಬಂದ ಓಟಿಪಿಯನ್ನು ಯಾರಿಗೂ ಹೇಳಕೂಡದು.

ಸಿಗ್ನಲ್ ಇಲ್ಲದಿದ್ದರೆ

ಪಕ್ಕದಲ್ಲಿ ಕುಳಿತವರಿಗೆ ಕೊಡಲು ಸಿಗ್ನಲ್ಲೇ ಬೇಕಿಲ್ಲ. ಆಂಡ್ರಾಯ್ಡ್ ಮೊಬೈಲುಗಳ ‘ಕ್ವಿಕ್ ಶೇರ್’ ಎಂಬ ಅನುಕೂಲದಿಂದ ಡೇಟಾ ಖರ್ಚಿಲ್ಲದೆ ದೊಡ್ಡ ಫೈಲೂ ಬೇಗ ದಾಟುತ್ತದೆ. ದೂರಕ್ಕಾದರೆ ಪೆನ್ ಡ್ರೈವಿನಲ್ಲಿ ತುಂಬಿ, ಬಳ್ಳಾರಿಗೋ ಹಿಂದೂಪುರಕ್ಕೋ ಹೋಗುವ ನಂಬಿಕಸ್ಥರ ಕೈಯಲ್ಲಿ ಕಳಿಸಿದರೂ ಆದೀತು. ಮೂಲ ಫೈಲು ಮಾತ್ರ ನಿಮ್ಮಲ್ಲೇ ಇರಲಿ.

ಯಾರನ್ನು ಕೇಳಬೇಕು?

ಮೊದಲು ನಿಮ್ಮ ಊರಿನ ರೈತ ಸೇವಾ ಕೇಂದ್ರದವರಿಗೆ ತೋರಿಸಿರಿ. ಕಡಲೆಕಾಯಿಯ ವಿಷಯದಲ್ಲಿ ಕದಿರಿಯ ಕೃಷಿ ಸಂಶೋಧನಾ ಕೇಂದ್ರ ಹೆಸರಾದದ್ದು. ಕನ್ನಡದಲ್ಲೇ ವಿಚಾರಿಸಬೇಕೆಂದರೆ ರಾಯದುರ್ಗದವರಿಗೆ ಬಳ್ಳಾರಿ ಬಳಿಯ ಹಗರಿಯ ಕೃಷಿ ವಿಜ್ಞಾನ ಕೇಂದ್ರವೂ, ಮಡಕಶಿರಾದವರಿಗೆ ತುಮಕೂರು ಬಳಿಯ ಹಿರೇಹಳ್ಳಿಯ ಕೇಂದ್ರವೂ ಹತ್ತಿರ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿದರೆ ಖರ್ಚಿಲ್ಲ. ಎಲ್ಲಿಗೇ ಆದರೂ ಮೊದಲು ಮಾತನಾಡಿ, ಚಿತ್ರವನ್ನು ಯಾವ ಸಂಖ್ಯೆಗೆ ಕಳಿಸಬೇಕೆಂದು ಕೇಳಿಕೊಳ್ಳಿರಿ.

ಗಡಿ ದಾಟಲು ಚಿತ್ರಕ್ಕೆ ರಹದಾರಿ ಬೇಕಿಲ್ಲ. ಅದು ಹೊಲದಲ್ಲಿ ಕಂಡಂತೆಯೇ ಹೋಗಿ ಮುಟ್ಟಿದರೆ ರೋಗದ ಹೆಸರು ಸರಿಯಾಗಿ ಗೊತ್ತಾದೀತು. ಹೆಸರು ಗೊತ್ತಾದ ಮೇಲೆಯೇ ಔಷಧದ ಅಂಗಡಿಗೆ ಹೋಗುವುದು ಜಾಣತನವೆಂದು ನಮ್ಮ ರೈತಬಾಂಧವರಲ್ಲಿ ಅರಿಕೆ ಮಾಡುತ್ತೇವೆ.