ತಾರೀಖು ಇರುವ ಸಿಟ್ಟು

ಕಳೆದ ವರ್ಷ ಆಷಾಢದ ಒಂದು ರಾತ್ರಿ ನಮ್ಮ ಮನೆಯಲ್ಲಿ ಊಟದ ತಟ್ಟೆ ಹಾರಿ ಗೋಡೆಗೆ ಬಡಿಯಿತು. ಎಸೆದವಳು ಆಗ ಹತ್ತನೇ ತರಗತಿಯಲ್ಲಿದ್ದ ನನ್ನ ಮೊಮ್ಮಗಳು. ತಮ್ಮ ಅವಳ ಕಂಪಾಸ್ ಪೆಟ್ಟಿಗೆ ಮುಟ್ಟಿದ್ದ, ಅಷ್ಟೇ ಕಾರಣ. "ಹೆಣ್ಣುಮಗಳಿಗೆ ಇಷ್ಟು ಸಿಟ್ಟು ಒಳ್ಳೇದಲ್ಲ" ಎಂದು ನಾನು ಗದರಿದೆ. ಅವಳು ಬಾಗಿಲು ಹಾಕಿಕೊಂಡು ಅತ್ತಳು. ಮರುದಿನ ಶಾಲೆಗೂ ಹೋಗಲಿಲ್ಲ.

ಓಣಿಯವರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು? ಗಾಳಿ ಸೋಕಿರಬೇಕು, ತಾಯತ ಕಟ್ಟಿಸಿ ಎಂದರು ಒಬ್ಬರು. ನನ್ನ ಮಗ, "ಇಂಥವಳನ್ನ ಪಿಯುಸಿಗೆ ಅಂತ ದುರ್ಗದ ಹಾಸ್ಟೆಲಿಗೆ ಹೆಂಗೆ ಬಿಡೋದು?" ಎಂದ. ಆ ಮಾತು ಅವಳ ಕಿವಿಗೂ ಬಿತ್ತು. ಸಂಜೆ ನನ್ನ ಹತ್ತಿರ ಬಂದು ಕೂತು, "ಯಾಕೆ ಹಿಂಗಾಗುತ್ತೆ ಅಂತ ನಂಗೇ ಗೊತ್ತಿಲ್ಲ ಅಜ್ಜ" ಎಂದಳು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಆಯುಷ್ಯ ಕಳೆದವನು. ವೈದ್ಯ ನನಗೆ ತಿಳಿಯದು, ಲೆಕ್ಕ ತಿಳಿಯುತ್ತದೆ. ಒಮ್ಮೆ ವ್ಯತ್ಯಾಸ ಬಂದರೆ ಅದು ಕೈತಪ್ಪು. ಪ್ರತಿ ತಿಂಗಳೂ ಅದೇ ಹೊತ್ತಿಗೆ ಬಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹಿಂದಿನ ತಿಂಗಳು ಇದೇ ಹುಡುಗಿ ನನ್ನ ಕನ್ನಡಕ ತಳ್ಳಿ ಮುರಿದಿದ್ದಳು. ಖರ್ಚಿನ ಪುಸ್ತಕ ತೆಗೆದೆ. ಫ್ರೇಮು ಹಾಕಿಸಿದ್ದು ಜೂನ್ 3. ತಟ್ಟೆ ಹಾರಿದ್ದು ಜುಲೈ 1. ನಡುವೆ 28 ದಿನ. ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ನನ್ನ ಸೊಸೆ ಮಗಳ ಮುಟ್ಟಿನ ದಿನಕ್ಕೆ ಸಣ್ಣ ಚುಕ್ಕಿ ಇಡುತ್ತಾಳೆ ಎಂಬುದು ನನಗೆ ಗೊತ್ತಾಗಿದ್ದು ಆಮೇಲೆ. ಚುಕ್ಕಿಗಳು ಜೂನ್ 7 ಮತ್ತು ಜುಲೈ 5ಕ್ಕೆ ಇದ್ದವು. ಎರಡು ಸಲವೂ ಜಗಳಕ್ಕೆ ಸರಿಯಾಗಿ ನಾಲ್ಕು ದಿನದ ನಂತರ.

ಸೊಸೆ ಅವಳನ್ನು ಚಿತ್ರದುರ್ಗದ ಒಬ್ಬ ವೈದ್ಯೆಯ ಬಳಿಗೆ ಕರೆದೊಯ್ದಳು. ಬಸ್ಸಿನಲ್ಲಿ ನಾನೂ ಹೋಗಿ ಹೊರಗೆ ಬೆಂಚಿನ ಮೇಲೆ ಕೂತೆ. ಆ ತಾಯಿ ನನ್ನನ್ನೂ ಒಳಗೆ ಕರೆಸಿ, ಕ್ಯಾಲೆಂಡರ್ ನೋಡಿ ನಕ್ಕು, "ಇನ್ನೂ ಎರಡು ತಿಂಗಳು ದಿನಾ ಬರೆದು ತನ್ನಿ, ಆಗ ಖಚಿತವಾಗಿ ಹೇಳ್ತೀನಿ" ಎಂದರು. ಸಿಟ್ಟು, ಅಳು, ನಿದ್ದೆ, ತಲೆನೋವು, ಹೊಟ್ಟೆ ಉಬ್ಬರ, ಎದೆ ನೋವು, ಎಲ್ಲಕ್ಕೂ ಒಂದೊಂದು ಗುರುತು. ಬರೆದಳು, ತಂದೆವು. ಅದಕ್ಕೆ ಪಿ.ಎಂ.ಎಸ್. ಎಂಬ ಹೆಸರಿದೆಯಂತೆ, ಎಂದರೆ ಮುಟ್ಟಿಗೆ ಮುಂಚಿನ ತೊಂದರೆಗಳ ಗುಂಪು. 1931ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಫ್ರಾಂಕ್ ಇದರ ಬಗ್ಗೆ ಬರೆದರು. ಈಗಿನ ಹೆಸರನ್ನು 1953ರಲ್ಲಿ ಇಂಗ್ಲೆಂಡಿನ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ಬಳಕೆಗೆ ತಂದರು. ನಾನು ಹುಟ್ಟುವ ಹೊತ್ತಿಗೇ ಹೆಸರಿದ್ದ ಸಂಗತಿ ನನ್ನ ಮನೆಗೆ ಬರಲು ಎಪ್ಪತ್ತು ವರ್ಷ ಹಿಡಿಯಿತು.

ಮಕ್ಕಳೇ, ಗಂಡುಮಕ್ಕಳೂ ಕೇಳಿ. ಮುಟ್ಟಿಗೆ ಸುಮಾರು ಎರಡು ವಾರ ಮೊದಲು ಅಂಡಾಶಯದಿಂದ ಅಂಡ ಹೊರಬರುತ್ತದೆ. ಆಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರಿ, ಮುಟ್ಟು ಹತ್ತಿರ ಬರುವಾಗ ಅದೂ ಈಸ್ಟ್ರೋಜನ್ನೂ ಇಳಿಯುತ್ತವೆ. ಈ ಏರಿಳಿತ ಎಲ್ಲ ಹೆಣ್ಣುಮಕ್ಕಳಿಗೂ ಉಂಟು. ಕೆಲವರ ಮೆದುಳು ಅದಕ್ಕೆ ಹೆಚ್ಚು ಸ್ಪಂದಿಸುತ್ತದೆ, ಮನಸ್ಸನ್ನು ಹದದಲ್ಲಿಡುವ ಸೆರೊಟೋನಿನ್ ಏರುಪೇರಾಗುತ್ತದೆ. ಹಾರ್ಮೋನು ಕೆಟ್ಟಿದೆ ಎಂದಲ್ಲ, ಹುಡುಗಿ ಕೆಟ್ಟವಳು ಎಂದಂತೂ ಅಲ್ಲವೇ ಅಲ್ಲ. ಮುಟ್ಟು ಶುರುವಾಗಿ ನಾಲ್ಕು ದಿನದೊಳಗೆ ಎಲ್ಲ ತಿಳಿಯಾಗಬೇಕು. ತಿಂಗಳಿಡೀ ಹಾಗೇ ಇದ್ದರೆ ಅದು ಬೇರೆ ತೊಂದರೆ, ವೈದ್ಯರು ಬೇರೆಯಾಗಿಯೇ ನೋಡಬೇಕು.

ನಮ್ಮ ಕಾಲದಲ್ಲಿ 'ಹೊರಗೆ ಕೂರುವ' ಮೂರು ದಿನ ಮನೆಮಂದಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಅವರನ್ನು ಊರಾಚೆ ಇರಿಸುವುದು ಇನ್ನೂ ಪೂರ್ತಿ ನಿಂತಿಲ್ಲ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಮಹಿಳೆಯರಿಗೆ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಒಪ್ಪಿತು. ಒಳ್ಳೆಯದೇ. ನಮ್ಮೂರಲ್ಲಿ ಡಬ್ಬ ಲೆಕ್ಕಕ್ಕೆ ಅಡಿಕೆ ಸುಲಿಯುವವರಿಗೆ ಅದು ಹೇಗೆ ಸಿಗುತ್ತದೋ ನೋಡಬೇಕು. ಆದರೆ ಪದ್ಧತಿಯಾಗಲಿ ರಜೆಯಾಗಲಿ ಲೆಕ್ಕ ಹಿಡಿದದ್ದು ಮುಟ್ಟಿನ ದಿನಗಳನ್ನು. ಅದಕ್ಕೆ ಮುಂಚಿನ ವಾರಕ್ಕೆ ನಾವು ಕೊಟ್ಟ ಹೆಸರು 'ಕೆಟ್ಟ ಸ್ವಭಾವ'.

ಮೊಮ್ಮಗಳ ಪಟ್ಟಿ ನೋಡುತ್ತಾ ನನ್ನ ಹೆಂಡತಿ ಹೇಳಿದಳು: "ರೀ, ಬ್ಯಾಂಕಿನ ಲೆಕ್ಕ ಅಷ್ಟು ವರ್ಷ ಬರೆದ್ರಿ. ನಂದು ಒಂದು ತಿಂಗ್ಳಾದ್ರೂ ಬರೀಬೇಕಿತ್ತು." ನನ್ನಲ್ಲಿ ಉತ್ತರ ಇರಲಿಲ್ಲ. ಅವಳನ್ನು 'ಸಿಡುಕಿ' ಎಂದು ನೆಂಟರ ಮುಂದೆ ಎಷ್ಟು ಸಲ ಅಂದಿದ್ದೇನೋ.

ವೈದ್ಯೆ ಹೇಳಿದ ಉಪಾಯಗಳು ಸರಳವಾಗಿದ್ದವು. ಹೊತ್ತಿಗೆ ಸರಿಯಾಗಿ ನಿದ್ದೆ. ದಿನಾ ನಡಿಗೆ. ನಾವಿಬ್ಬರೂ ಸಂಜೆ ಭೀಮಸಮುದ್ರದ ಕೆರೆ ಏರಿಯ ಮೇಲೆ ನಡೆಯತೊಡಗಿದೆವು. ಆ ವಾರ ಉಪ್ಪು ಕಡಿಮೆ, ಟೀ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಖಾರ ಮಂಡಕ್ಕಿಗೆ ರಜೆ, ಅವಳಿಗೆ ಕಷ್ಟವಾಗಿದ್ದು ಇದೊಂದೇ. ಕ್ಯಾಲ್ಸಿಯಂ ವಿಷಯವೂ ಬಂತು. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ತೆಗೆದುಕೊಂಡವರ ತೊಂದರೆ ಮೂರನೇ ತಿಂಗಳಿಗೆ ಶೇ. 48ರಷ್ಟು ಇಳಿಯಿತು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ಶೇ. 30ರಷ್ಟು ಇಳಿದಿತ್ತು, ಅದನ್ನೂ ಹೇಳದಿದ್ದರೆ ಲೆಕ್ಕ ತಾಳೆಯಾಗದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ ಉಂಡರೆ ಎಲ್ಲ ವಾಸಿ ಎನ್ನುತ್ತಿಲ್ಲ, ಮುದ್ದೆ ಬೇಡ ಎಂದು ಮೂಗು ಮುರಿಯಬೇಡಿ ಎನ್ನುತ್ತಿದ್ದೇನೆ. ಮಾತ್ರೆ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ಹೇಳಬೇಕು.

ಕೆಲವೇ ಕೆಲವರಿಗೆ ಇದು ತೀವ್ರವಾಗಿ, ಬದುಕೇ ಬೇಡ ಎನಿಸುವಷ್ಟು ಕುಗ್ಗಿಸುತ್ತದೆ. ಅದಕ್ಕೂ ಚಿಕಿತ್ಸೆ ಇದೆ, ಮುಚ್ಚಿಡಬಾರದು. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಮೊಮ್ಮಗಳ ಸಿಟ್ಟು ಪೂರ್ತಿ ಹೋಗಿಲ್ಲ. ಈಗ ಅದು ಬರುವ ದಿನ ಗೊತ್ತು, ಆ ದಿನಗಳಲ್ಲಿ ತಮ್ಮ ಕಂಪಾಸ್ ಪೆಟ್ಟಿಗೆಯಿಂದ ದೂರ. ಅವಳು ತಟ್ಟೆ ಎಸೆದಿದ್ದಕ್ಕೆ ಅವನಲ್ಲಿ ಕ್ಷಮೆ ಕೇಳಿದಳು, ನಾನು ಗದರಿದ್ದಕ್ಕೆ ಅವಳಲ್ಲಿ ಕೇಳಿದೆ. ಈ ಬರಹವನ್ನು ಅವಳು ಓದಿ ಹೂಂ ಎಂದ ಮೇಲೇ ಕಳಿಸುತ್ತಿದ್ದೇನೆ.

ಈ ವರ್ಷ ಅವಳು ದುರ್ಗದ ಹಾಸ್ಟೆಲು ಸೇರಿದಳು. ಹೊರಡುವ ಗಡಿಬಿಡಿಯಲ್ಲಿ ಗುರುತು ಹಾಕಿದ ಕ್ಯಾಲೆಂಡರ್ ಮನೆಯಲ್ಲೇ ಬಿಟ್ಟಿದ್ದಳು. ಮುಂದಿನ ಬಸ್ಸಿಗೆ ಓಡಿ, ಸುರುಳಿ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟೆ. "ಯಜಮಾನ್ರೆ, ದುರ್ಗದಾಗೆ ಕ್ಯಾಲೆಂಡರ್ ಸಿಗಲ್ವಾ?" ಎಂದು ಆತ ಕೇಳಿದ. "ಇಂಥದ್ದು ಸಿಗಲ್ಲಪ್ಪ" ಎಂದೆ.